ನೆರಳು ಕತ್ತರಿಸುವ ನಿಯಮ

ಮೊದಲ ಕರಡಿನಲ್ಲಿ ನಲವತ್ತೆರಡು ಮಂತ್ರಗಳಿದ್ದವು.
ಬೆಂಕಿಯುಂಡೆ, ಹಿಮದ ಬಾಣ, ಗುಡುಗಿನ ಗದೆ,
ಒಂದೊಂದಕ್ಕೂ ಬಣ್ಣ, ಸದ್ದು, ಬೆಲೆಪಟ್ಟಿ.
ಹಿಮದ ಬಾಣ, ಅದೂ ಬಳ್ಳಾರಿಯಲ್ಲಿ ಕೂತು!
ಕೌಲ್ ಬಜಾರಿನ ಈ ಎರಡನೇ ಮಹಡಿಯಲ್ಲಿ
ಫ್ಯಾನು ತಿರುಗಿಸುವುದೂ ಬಿಸಿಗಾಳಿಯನ್ನೇ.
ಆಡಿದವರು ಗುಂಡಿ ಒತ್ತಿದರು, ಬೆಂಕಿ ಬಂತು.
ಮತ್ತೆ ಒತ್ತಿದರು, ಮತ್ತೆ ಬಂತು.
ಇದೇನು ಮಾಟ, ಬರೀ ನಲ್ಲಿ ಅಂದುಕೊಂಡೆ.
ನಲ್ಲಿಗೂ ಅವಮಾನ: ನಮ್ಮ ಬೀದಿಯ ನಲ್ಲಿಗೆ
ಇದಕ್ಕಿಂತ ಹೆಚ್ಚು ಗುಟ್ಟಿದೆ,
ಹತ್ತು ದಿನಕ್ಕೊಮ್ಮೆ ಬರುತ್ತದೆ, ಯಾವ ಹೊತ್ತಿಗೆಂದು ಹೇಳದೆ.

ಎಲ್ಲ ಅಳಿಸಿದೆ.

ಕೆಳಗಿನ ಮಹಡಿ ಜೀನ್ಸ್ ಹೊಲಿಯುವ ಘಟಕ.
ಹಗಲೆಲ್ಲ ಯಂತ್ರಗಳು ನನ್ನ ನೆಲವನ್ನೇ ಹೊಲಿಯುತ್ತವೆ,
ಅಂಗಾಲು ಜುಮ್ಮೆನ್ನುವ ಹಾಗೆ.
ಒಂದು ಮಧ್ಯಾಹ್ನ ಕರೆಂಟು ಹೋಗಿ ಕಿಟಕಿಗೆ ಬಂದೆ.
ಬೀದಿಗೆ ಇರುವುದೊಂದೇ ಬೇವಿನ ಮರ,
ಅದರಡಿ ಇಬ್ಬರು ಹಮಾಲರು, ಒಂದು ಸೋಡಾ ಬಂಡಿ,
ಒಂದು ನಾಯಿ.
ನೆರಳು ಸರಿದಂತೆ ಎಲ್ಲರೂ ಸರಿಯುತ್ತಿದ್ದರು,
ಬಂಡಿಯೂ,
ಯಾರೂ ಮಾತಾಡದೆ, ಲೆಕ್ಕ ಇಟ್ಟವರಂತೆ.

ಇದೇ ಅಂದೆ. ಈ ಊರಿನ ನಾಣ್ಯ ಇದೇ.

ಹೊಸ ಕರಡಿನಲ್ಲಿ ಮಂತ್ರಗಳಿಲ್ಲ, ಮೂರೇ ಕ್ರಿಯಾಪದ,
ಕೆಳಗಿನವರಿಂದ ಕಡ ತಂದದ್ದು:
ಕತ್ತರಿಸು. ಮಡಿಸು. ಹೊಲಿ.
ಬಂಡೆಯ ನೆರಳು ಕತ್ತರಿಸಿ, ಮಡಿಸಿ, ಹೆಗಲಿಗೇರಿಸಬಹುದು.
ಬಾವಿಗೆ ಹೊಲಿದರೆ ನೀರು ಆರದು,
ಗೋಡೆಗೆ ಹೊಲಿದರೆ ಬಾಗಿಲಾದೀತು.
ಅದಿರು ಲಾರಿಗೆ ಹೊಲಿದೆಯೋ, ಹೋಯಿತು,
ನಿನ್ನ ನೆರಳು ಸಂಡೂರಿನ ಕಡೆ, ಕೆಂಪು ಧೂಳಿನಲ್ಲಿ.
ಸಂಜೆ ಎಲ್ಲರೂ ಸಾಹುಕಾರರು;
ನಡುಹಗಲಿಗೆ ಪಾದದಡಿ ಉಳಿಯುವುದು ಒಂದು ಹಿಡಿ ಚಿಂದಿ.

ಬೆಲೆ ಏನಿಡಲಿ ಅಂತ ವಾರ ಕೂತೆ.
ರಕ್ತ ಬೇಡ, ಆಯುಷ್ಯ ಬೇಡ,
ಅವೆಲ್ಲ ಹಳೇ ಅಂಗಡಿಯ ಸರಕು.
ಕೊನೆಗೆ ಒಂದೇ ಸಾಲು ಬರೆದೆ:
ಕತ್ತರಿಸುವ ನೆರಳಿನಲ್ಲಿ ಯಾರೋ ಮಲಗಿರುತ್ತಾರೆ.

ಹೊನ್ನೂರ್‌ಬೀ ಊಟದ ಬಿಡುವಿಗೆ ಹತ್ತಿ ಬರುತ್ತಾಳೆ.
ಕಾಜಾ ಹಾಕುವ ಕೆಲಸ, ಹೆಬ್ಬೆರಳಿಗೆ ಅಳಿಯದ ನೀಲಿ.
ಆಡಿ ನೋಡುವುದಕ್ಕೆ ಸಲಕ್ಕೆ ಐವತ್ತು ರೂಪಾಯಿ,
ಜೊತೆಗೆ ಒಗ್ಗರಣೆ ಮಿರ್ಚಿ.
ಉಳಿದ ಹುಡುಗರು ಮೊದಲ ನಿಮಿಷದಲ್ಲೇ ಬೇವನ್ನು ಬೋಳಿಸಿದ್ದರು.
ಅವಳು ಕತ್ತರಿ ಎತ್ತಿದಳು.
ನಾಯಿ ಎದ್ದಿತು, ಅವಳನ್ನು ನೋಡಿತು
(ಆ ನೋಟಕ್ಕೆ ನಾನು ಮೂರು ರಾತ್ರಿ ತೆತ್ತಿದ್ದೆ).
ಕತ್ತರಿ ಇಳಿಸಿದಳು.
ಆಮೇಲೆ ತನ್ನ ಕಾಲಡಿಯ ಚಿಂದಿಯನ್ನೇ ಬಿಡಿಸಿ
ನಾಯಿಯ ನೆರಳಿಗೆ ಹೊಲಿದಳು.
ನಾಯಿ ನಡೆಯಿತು, ತೇಪೆಯೂ ನಡೆಯಿತು, ಹಿಂದೆ ಅವಳು.
ಹೋದಲ್ಲೆಲ್ಲ ಅಂಗೈಯಗಲ ತಂಪು,
ಸಂಜೆಗೆ ಅದು ಕಂಬಳಿಯಗಲ.

ಇದನ್ನು ನಾನು ಬರೆದೇ ಇರಲಿಲ್ಲ.
ದೋಷಪಟ್ಟಿ ತೆರೆದು, ಹದಿನೇಳನೆಯದು ಅಂತ ನಮೂದಿಸಿ,
ನೋಡುತ್ತ ಕೂತೆ.
ಮಿರ್ಚಿ ಆರಿತು.
ಆ ಸಾಲನ್ನೇ ಹೊಡೆದುಹಾಕಿದೆ.

ಇಳಿಯುವಾಗ ಮೆಟ್ಟಿಲಲ್ಲಿ ತಿರುಗಿ ಕೇಳಿದಳು:
"ರಾತ್ರಿಗೇನು ಅಕ್ಕಾ? ರಾತ್ರಿ ಅಂದ್ರ ಎಲ್ಲಾ ನೆರಳೇ ಅಲ್ಲೇನು?"
ನಾನು ರಾತ್ರಿಯನ್ನೇ ಮರೆತಿದ್ದೆ.
ಬೇಕಾದಷ್ಟು ಕತ್ತರಿಸಿಕೊಂಡರೆ
ಆಟವೇ ಮುಗಿಯಿತಲ್ಲ ಅಂದೆ.
"ಹೆಂಗ ಕತ್ತರಸ್ತೀರಿ?" ನಕ್ಕಳು.
"ಅಂಚು ಸಿಗದ ಥಾನಿಗೆ ಕತ್ತರಿ ಎಲ್ಲಿಂದ ಹಚ್ತೀರಿ?
ಮೊದಲು ಒಂದು ದೀಪ ಇಡ್ರಿ. ಅಂಚು ತಾನೇ ಬರ್ತೈತಿ."

ಕೆಳಗೆ ಯಂತ್ರಗಳು ಶುರುವಾದವು.
ಇಡೀ ಕೋಡಿನಲ್ಲಿ ದೀಪ ಎಂಬ ಪದ ಹುಡುಕಿದೆ.
ಇಲ್ಲ. ಬೆಂಕಿಗಳನ್ನು ಅಳಿಸುವಾಗ ಅದೂ ಹೋಗಿತ್ತು.
ಸಣ್ಣದೊಂದು ಮತ್ತೆ ಬರೆಯಬೇಕು.
ಎಣ್ಣೆಗೆ ಏನು ಬೆಲೆ, ತೆರುವವರು ಯಾರು,
ಇನ್ನೂ ಗೊತ್ತಿಲ್ಲ.